ಒನ್ಸ್ ಮೋರ್ ಅಂದವರು ನಿಲ್ಲಬೇಕು

ಹೋದ ವಾರ ಹೊಲಿಯಲು ಕೊಟ್ಟಿದ್ದ ರವಿಕೆ ತರೋಣವೆಂದು ದೇವನಹಳ್ಳಿ ಹಳೇ ಬಸ್ ಸ್ಟ್ಯಾಂಡ್ ಹಿಂದಿನ ಟೈಲರ್ ಅಂಗಡಿಗೆ ಹೋಗಿದ್ದೆ. ಆ ಪುಣ್ಯಾತ್ಮ ಎಂದಿನಂತೆ ಹೊಲಿದಿರಲಿಲ್ಲ. "ಐದೇ ನಿಮಿಷ ಕೂತ್ಕೊಳ್ಳಕ್ಕಾ" ಅಂದು ಮಿಷಿನ್ನಿಗೆ ಎಣ್ಣೆ ಬಿಟ್ಟು ಕಾಲಲ್ಲಿ ಪೆಡಲ್ ತುಳಿಯತೊಡಗಿದ. ಮಿಷಿನ್ ಎಣ್ಣೆಯ ವಾಸನೆಯ ಜೊತೆಗೆ ಬೀರುವಿನಿಂದ ನುಸಿಗುಳಿಗೆಯ ವಾಸನೆಯೂ ಬಂದು ಸೇರಿತು. ನಮ್ಮಪ್ಪನ ಹಾರ್ಮೋನಿಯಂ ಹೀಗೇ ನಾರುತ್ತಿತ್ತು. ಹಾರ್ಮೋನಿಯಂ ನೆನಪಾದರೆ ಏರ್‌ಪೋರ್ಟ್ ಶುರುವಾದ ಮಾರನೇ ವರ್ಷದ ಆ ಬೇಸಿಗೆಯೂ ನೆನಪಾಗದೆ ಇರುವುದಿಲ್ಲ. ರವಿಕೆ ನಾಳೆ ತಗೊಳ್ತೀನಿ ಎಂದು ಎದ್ದು ಬಂದೆ.

ಆಗ ನಾನು ಏರ್‌ಪೋರ್ಟ್ ರಸ್ತೆ ಪಕ್ಕದ ಒಂದು ಲೇಔಟಿನ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಹುದ್ದೆಯ ಹೆಸರು ಕಸ್ಟಮರ್ ರಿಲೇಶನ್ಸ್ ಎಕ್ಸಿಕ್ಯೂಟಿವ್. ಅಂದರೆ ಕಾರಿನಿಂದ ಇಳಿದವರಿಗೆ ತಣ್ಣನೆ ನೀರು ಕೊಟ್ಟು, ಗಾಜಿನ ಪೆಟ್ಟಿಗೆಯೊಳಗಿನ ಪುಟಾಣಿ ಮನೆಗಳನ್ನು ತೋರಿಸಿ, ಹಲ್ಲು ಕಿರಿಯುವುದು. ಲೇಔಟಿಗೆ ಇಟಲಿಯ ಯಾವುದೋ ಊರಿನ ಹೆಸರಿಟ್ಟಿದ್ದರು. ಅದನ್ನು ನಮ್ಮ ಎಂ.ಡಿ. ಒಂದು ಥರ ಹೇಳುತ್ತಿದ್ದರು, ಸೈಟು ಕೊಳ್ಳಲು ಬಂದವರು ಇನ್ನೊಂದು ಥರ, ವಾಚ್‌ಮನ್ ಮೂರನೇ ಥರ. ಮೂರೂ ತಪ್ಪು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಮರಗಳನ್ನು ಸಾಲಾಗಿ ನೆಟ್ಟಿದ್ದರು. ಹೊರಗೆ ನಿಜವಾದ ಚಕ್ಕೋತದ ಮರಗಳನ್ನು ಕಡಿಸಿ ಹಾಕಿದ್ದರು.

ಎಂ.ಡಿ. ಸೂಲಿಬೆಲೆ ಕಡೆಯವರು. ಅವರಪ್ಪ ಡೇರಿಗೆ ಹಾಲು ಹಾಕುತ್ತಿದ್ದವರು, ಒಳ್ಳೆಯ ಮನುಷ್ಯ ಎಂದು ಕೇಳಿದ್ದೇನೆ. ಮಗನಿಗೆ ಆ ಹಾಲಿನ ಕ್ಯಾನಿನ ನೆನಪೇ ಅಪಮಾನ. ಇಂಗ್ಲೆಂಡಿಗೆ ಒಂದೇ ಸಲ, ಎಂಟು ದಿನಕ್ಕೆ ಹೋಗಿ ಬಂದ ಮೇಲಂತೂ ಮನುಷ್ಯನ ಕಾಲು ನೆಲದ ಮೇಲಿರಲಿಲ್ಲ. ಅಲ್ಲಿ ಯಾವುದೋ ಹಳೇ ಥಿಯೇಟರಿನಲ್ಲಿ ಮೂಕಿ ಸಿನಿಮಾ ತೋರಿಸುತ್ತಾ ಪಕ್ಕದಲ್ಲೇ ಹಾರ್ಮೋನಿಯಂ ಥರದ ದೊಡ್ಡ ಆರ್ಗನ್ ಬಾರಿಸುತ್ತಿದ್ದರಂತೆ. ಅಂಥದ್ದನ್ನು ದೇವನಹಳ್ಳಿಯಲ್ಲಿ ಮಾಡಿದರೆ ಶ್ರೀಮಂತರು ಬರುತ್ತಾರೆ, ಬಂದವರು ವಿಲ್ಲಾ ಬುಕ್ ಮಾಡುತ್ತಾರೆ ಎಂದು ಅವರಿಗೆ ತಲೆಗೆ ಹತ್ತಿಬಿಟ್ಟಿತು. ಮೇ ತಿಂಗಳಲ್ಲಿ ಮೂರು ದಿನದ ಮೂಕಿ ಚಿತ್ರೋತ್ಸವ ಅಂದರು.

ಅದನ್ನು ನಡೆಸಿಕೊಡಲು ಬೆಂಗಳೂರಿನಿಂದ ನಂದಿತಾ ಮೇಡಂ ಬಂದರು. ಹಣೆ ತುಂಬ ಕುಂಕುಮ, ಕೊರಳಲ್ಲಿ ಕುರಿಗೆ ಕಟ್ಟುವಷ್ಟು ದಪ್ಪ ಮಣಿಸರ, ಕೈಮಗ್ಗದ ಸೀರೆ. ಕಾರಿನಿಂದ ಇಳಿದವರೇ ಸುತ್ತ ನೋಡಿ, "ಇಲ್ಲಿನ ಜನಕ್ಕೆ ಸಿನಿಮಾ ಕಲ್ಚರೇ ಇರಲ್ಲ ಅಲ್ವಾ ಸುಜಾತಾ? ಪಾಪ, ವಿ ಶುಡ್ ಎಜುಕೇಟ್ ದೆಮ್" ಅಂದರು. ಮೊದಲ ದಿನದ ಟಿಕೆಟ್ಟಿಗಾಗಿ ಅಂಗಿ ಹರಿದುಕೊಂಡು ಪೊಲೀಸರ ಲಾಠಿ ತಿಂದವರ ಊರಿನಲ್ಲಿ ನಿಂತು ಆಡಿದ ಮಾತು! ನಾನು "ಹೌದು ಮೇಡಂ" ಅಂದೆ. ಆ ವರ್ಷ ಎಲ್ಲದಕ್ಕೂ ಹೌದು ಅಂದು, ಒಳಗೊಳಗೇ ಉಗಿಯುತ್ತಿದ್ದೆ. ಉಗಿಯುವುದೇ ದೊಡ್ಡ ಶೌರ್ಯ ಎಂದುಕೊಂಡಿದ್ದೆ.

ನನ್ನ ತಂದೆಯ ವಿಷಯ ಇಲ್ಲಿಯೇ ಹೇಳಬೇಕು. ತೂಬಗೆರೆ ಕಡೆ ಹಾರ್ಮೋನಿಯಂ ಮೇಷ್ಟ್ರು ವೆಂಕಟರಮಣಪ್ಪ ಅಂದರೆ ಗೊತ್ತಿಲ್ಲದ ಹಳ್ಳಿ ಇರಲಿಲ್ಲ. ಎರಡು ಎಕರೆ ರಾಗಿ ಹೊಲ ಇತ್ತು ನಿಜ, ಆದರೆ ಅವರ ಜೀವ ಇದ್ದದ್ದು ಪೌರಾಣಿಕ ನಾಟಕ ಕಲಿಸುವುದರಲ್ಲಿ. ಉಳುವವರನ್ನು, ಕುರಿ ಕಾಯುವವರನ್ನು ಆರು ತಿಂಗಳು ಕೂರಿಸಿಕೊಂಡು ಬೈದು ಬಡಿದು ಪದ ಕಲಿಸಿ, ರಾಜರನ್ನಾಗಿ ಮಾಡಿ ರಂಗದ ಮೇಲೆ ನಿಲ್ಲಿಸುವರು. ಕಾಲಲ್ಲಿ ತುಳಿದು ಎರಡೂ ಕೈಯಲ್ಲಿ ಬಾರಿಸುವ ದೊಡ್ಡ ಹಾರ್ಮೋನಿಯಂ ಅವರದು. ಅದಕ್ಕೆ ದಿನವೂ ಮಿಷಿನ್ ಎಣ್ಣೆ, ವಾರಕ್ಕೊಮ್ಮೆ ನುಸಿಗುಳಿಗೆ. ನಮ್ಮಮ್ಮನಿಗೆ ಇಲ್ಲದ ಉಪಚಾರ ಅದಕ್ಕಿತ್ತು.

ಏರ್‌ಪೋರ್ಟ್ ಬಂದದ್ದೇ ಬಂದದ್ದು, ಅಪ್ಪನ ರಾಜ ಬ್ರೋಕರ್ ಆದ, ಮಂತ್ರಿ ಟ್ಯಾಕ್ಸಿ ಓಡಿಸಲು ಹೋದ, ಸೇನಾಪತಿ ಸೈಟು ಮಾರಿದ ದುಡ್ಡಿನಲ್ಲಿ ಕೈಗೆ ಬೆರಳು ಗಾತ್ರದ ಚಿನ್ನದ ಕಡಗ ಹಾಕಿಕೊಂಡು ಡಾಬಾದಲ್ಲಿ ಬಿದ್ದುಕೊಂಡ. ಒಂದು ವರ್ಷ ಪೂರ್ತಿ ಒಬ್ಬನೂ ಅಪ್ಪನನ್ನು ಕರೆಯಲಿಲ್ಲ. ಅಷ್ಟರಲ್ಲಿ ಅವರ ಬಲಗೈ ಬೆರಳುಗಳು ಸೆಟೆದುಕೊಳ್ಳಲು ಶುರುವಾಗಿತ್ತು. "ಇನ್ನೊಂದೇ ಒಂದು ಆಟ ಕಣಮ್ಮಾ. ಪ್ರಾರ್ಥನೆಯಿಂದ ಮಂಗಳದವರೆಗೆ ಪೂರ್ತಿ ಬಾರಿಸ್ಬಿಟ್ಟು, ನಾನೇ ಮುಚ್ಚಳ ಹಾಕ್ತೀನಿ" ಎಂದು ಊರಿಗೆ ಹೋದಾಗಲೆಲ್ಲ ಹೇಳುತ್ತಿದ್ದರು. ಭಾನುವಾರಕ್ಕೊಮ್ಮೆ ಹೋಗುತ್ತಿದ್ದ ನಾನು ಹೂಂಗುಟ್ಟುತ್ತಿದ್ದೆ.

ಆಫೀಸಿನಲ್ಲಿ ಮಾತ್ರ ಅವರ ಸುದ್ದಿ ಎತ್ತುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಹಳ್ಳಿಯ ಹುಡುಗರು ನಾಟಕಕ್ಕೆ ಚಂದಾ ಕೇಳಲು ಬಂದಿದ್ದರು. ಎಂ.ಡಿ. ಅವರನ್ನು ಗೇಟಿನಿಂದಾಚೆ ಅಟ್ಟಿಸಿ, "ನಾಟ್ಕ ಅಂತೆ ನಾಟ್ಕ! ಕುಡುಕರು ಕಿರೀಟ ಇಟ್ಕೊಂಡು ಕಿರ್ಚೋದು, ಅದಕ್ಕೊಬ್ಬ ಪೆಟ್ಟಿಗೆ ಮೇಷ್ಟ್ರು" ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಒಮ್ಮೆ ನಕ್ಕ ಮೇಲೆ ಆ ಪೆಟ್ಟಿಗೆ ಮೇಷ್ಟ್ರು ನಮ್ಮಪ್ಪ ಎಂದು ಹೇಳುವುದು ಹೇಗೆ? ಅರ್ಜಿಯಲ್ಲಿ ಬರೆದಿದ್ದ 'ತಂದೆ: ಕೃಷಿಕರು' ಎಂಬುದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಉತ್ಸವ ಶುಕ್ರವಾರ ಶುರುವಾಯಿತು. ಹಿಂದೆ ದ್ರಾಕ್ಷಿ ತುಂಬುತ್ತಿದ್ದ ತಗಡಿನ ಶೆಡ್ಡಿಗೆ ಒಳಗಡೆ ಕಪ್ಪು ಬಟ್ಟೆ ಹೊಡೆಸಿ, ಎ.ಸಿ. ಹಾಕಿಸಿ, ಮುಂದೆ ಅತಿಥಿಗಳಿಗೆ ಮೂಟೆಯಂಥ ಮೆತ್ತನೆ ಬೀನ್ ಬ್ಯಾಗುಗಳನ್ನು ಹಾಸಿದ್ದರು. ದಿನಾ ಸಂಜೆ ನಾಲ್ಕಕ್ಕೆ ಆಟ. ನಿಜವಾದ ರೀಲೇ ಆಗಬೇಕೆಂದು ಮೇಡಂ ಹಟ ಹಿಡಿದಿದ್ದರಿಂದ ಹಳೇ ಪ್ರೊಜೆಕ್ಟರ್ ತರಿಸಿ, ಅದನ್ನು ಓಡಿಸಲು ವಿಜಯಪುರದ ಮುನಿರಾಜುವನ್ನು ಕರೆಸಿದ್ದರು. ಟೆಂಟ್ ಸಿನಿಮಾದಲ್ಲಿ ಇಪ್ಪತ್ತು ವರ್ಷ ರೀಲು ಸುತ್ತಿದವನು, ಟೆಂಟ್ ಎತ್ತಿದ ಮೇಲೆ ಮದುವೆ ಮನೆಗಳಿಗೆ ಸೀರಿಯಲ್ ಲೈಟ್ ಕಟ್ಟುತ್ತಿದ್ದ. ನಮ್ಮಪ್ಪನ ನಾಟಕಗಳಿಗೂ ಲೈಟು ಕಟ್ಟಿದವನೇ.

ಆರ್ಗನ್ ಬಾರಿಸಲು ಬಂದ ಮಹಾಶಯನಂತೂ ಆ ಸೆಖೆಯಲ್ಲಿ ಟೈ ಕಟ್ಟಿಕೊಂಡಿದ್ದ. ಅವನ ಆರ್ಗನ್ ಕರೆಂಟಿನದು, ಅಟ್ಟದಿಂದ ಇಳಿಸಿದ ಮಂಚದಷ್ಟು ದೊಡ್ಡದು. ಒಂದೇ ಜನರೇಟರಿಗೆ ಎ.ಸಿ., ಐಸ್‌ಕ್ರೀಮ್ ಫ್ರಿಜ್ಜು, ಪಾಪ್‌ಕಾರ್ನ್ ಯಂತ್ರ, ಪ್ರೊಜೆಕ್ಟರ್, ಜೊತೆಗೆ ಈ ಆರ್ಗನ್. ಹನ್ನೊಂದನೇ ನಿಮಿಷಕ್ಕೆ ವೋಲ್ಟೇಜ್ ಏರಿಳಿಯಿತು. ಆರ್ಗನ್ ಬಾಲ ತುಳಿಸಿಕೊಂಡ ಕರುವಿನ ಹಾಗೆ ಒಮ್ಮೆ ಕೂಗಿ, ಹಿಂದಿನಿಂದ ಹೊಗೆ ಬಿಟ್ಟು ತಣ್ಣಗಾಯಿತು. ಆ ಮನುಷ್ಯ ಟೈ ಸಡಿಲಿಸಿಕೊಂಡು, ಇಂಥ ಕಾಡಿನಲ್ಲಿ ತನ್ನ ಕೈಲಾಗದು ಎಂದು ಕಾರು ಹತ್ತಿದ. ಬಂದಿದ್ದ ಇಪ್ಪತ್ತು ಜನ ಪಾಪ್‌ಕಾರ್ನ್ ಮುಗಿಯುವವರೆಗೆ ಕೂತಿದ್ದು ಎದ್ದು ಹೋದರು.

ಎಂ.ಡಿ. ಮುಖ ನೋಡಬೇಕಿತ್ತು. ಮೇಡಂ ತಲೆ ಹಿಡಿದುಕೊಂಡು ಕೂತರು. ಆಗ ಮುನಿರಾಜು ಬೀಡಿ ಬಿಸಾಡಿ ಮುಂದೆ ಬಂದ.

"ಮೇಡಂ, ತೂಬಗೆರೆ ತಾವ ಒಬ್ರು ಮೇಷ್ಟ್ರವ್ರೆ. ಕಾಲಲ್ಲಿ ತುಳಿಯೋ ಹಾರ್ಮೋನಿಯಂ. ಅದೂ ಆರ್ಗನ್ನೇಯಾ. ಕರೆಂಟೇ ಬೇಡ."

ನಾನು ಅವನತ್ತ ಕಣ್ಣು ಕೆಕ್ಕರಿಸಿದೆ. ಅವನು ನನ್ನ ಮುಖ ನೋಡಿ, ಏನೋ ಅರ್ಥವಾದವನಂತೆ ಮಾತು ಅಲ್ಲಿಗೇ ನಿಲ್ಲಿಸಿದ. "ರಸ್ಟಿಕ್! ಬಟ್ ಓಕೆ" ಅಂದರು ಮೇಡಂ. ಮುನಿರಾಜು ಅವತ್ತೇ ಬೈಕಿನಲ್ಲಿ ಹೋಗಿ ಹೇಳಿ ಬಂದ.

ಶನಿವಾರ ಮಧ್ಯಾಹ್ನ ಲಗೇಜ್ ಆಟೋದಲ್ಲಿ ಅಪ್ಪ ಬಂದರು. ಹಾರ್ಮೋನಿಯಂಗೆ ಅಮ್ಮನ ಹಳೇ ಸೀರೆ ಸುತ್ತಿದ್ದರು. ಬಿಳೀ ಪಂಚೆ, ಇಸ್ತ್ರಿ ಅಂಗಿ, ಯಾವುದೋ ಊರಿನವರು ಸನ್ಮಾನದಲ್ಲಿ ಹೊದಿಸಿದ ಶಾಲು. ಆಟೋದಿಂದ ಇಳಿಯುತ್ತಲೇ ನನ್ನನ್ನು ನೋಡಿ ಮುಖ ಅರಳಿತು. ಮಗಳೇ ತನ್ನನ್ನು ಕರೆಸಿದ್ದಾಳೆ ಎಂದುಕೊಂಡಿದ್ದರು. ಎಂ.ಡಿ. ಮತ್ತು ಮೇಡಂ ನನ್ನ ಎಡಬಲಕ್ಕೆ ನಿಂತಿದ್ದರು.

"ನಮಸ್ಕಾರ ಮೇಷ್ಟ್ರೇ, ಬನ್ನಿ" ಅಂದೆ.

ಅಪ್ಪ ನನ್ನನ್ನು, ಪಕ್ಕದವರನ್ನು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿದರು.

"ನಮಸ್ಕಾರ ಮೇಡಂ."

ಆಗ ನಾನು ಏನು ಮಾಡಿದೆ ಹೇಳಲೇ? ಸದ್ಯ, ಮಾನ ಉಳಿಯಿತು ಎಂದುಕೊಂಡೆ. ಅಂಥ ಮಾನಕ್ಕೆ ಬೆಂಕಿ ಹಾಕ.

ಹಾರ್ಮೋನಿಯಂ ಪರದೆಯ ಪಕ್ಕ ಇಳಿಸಿದ ಮೇಲೆ ಅಪ್ಪ ನನ್ನನ್ನು ಕರೆದು ಕಥೆ ಕೇಳಿದರು. ಪರದೆಯ ಮೇಲೆ ಬರುವ ಇಂಗ್ಲಿಷ್ ಬರಹವನ್ನು ಹಿಂದೆ ಕೂರುವ ನಮ್ಮ ಜನಕ್ಕೆ ಮೈಕಿನಲ್ಲಿ ಕನ್ನಡದಲ್ಲಿ ಓದುವುದು ನನ್ನ ಕೆಲಸವಾಗಿತ್ತು. ಮೊದಲ ದಿನ ಹಿಂದಿನ ಕುರ್ಚಿಗಳೆಲ್ಲ ಖಾಲಿ ಕಂಡಿದ್ದರಿಂದ ತೋಟದ ಹೆಂಗಸರು, ವಾಚ್‌ಮನ್ನುಗಳು, ಕ್ಯಾಂಟೀನಿನವರನ್ನು ಹಿಂದೆ ತುಂಬಿಸಲು ಎಂ.ಡಿ. ಹೇಳಿದ್ದರು.

"ಕತೆ ಎಲ್ಲಾ ಬ್ಯಾಡ ಮೇಡಂ. ಸಾಯೋದ್ಯಾರು, ಅದೊಂದೇಳಿ."

"ಮೀನು ಹಿಡಿಯೋನ ಹೆಂಡ್ತಿ. ಸಮುದ್ರದ ದಡದಲ್ಲಿ. ಗಂಡನ್ನ ಕಾಯ್ತಾ ಕಾಯ್ತಾ."

"ಗಂಡ ಬತ್ತಾನಾ?"

"ಬರ್ತಾನೆ. ಅವಳು ಸತ್ತ ಮೇಲೆ."

"ಅಯ್ಯೋ ಪಾಪ. ಅಂಗಾದ್ರೆ ಮುಖಾರಿ ರಾಗವೇ ಸೈ" ಅಂದು ಅಪ್ಪ ಬೆರಳು ನೀವಿಕೊಂಡರು.

ಆಟಕ್ಕೆ ಮೊದಲು ಹಾರ್ಮೋನಿಯಂಗೆ ಊದಿನಕಡ್ಡಿ ಬೆಳಗಿ ಕಾಯಿ ಒಡೆದರು. ಮುಂದಿನ ಸಾಲಿನ ಅತಿಥಿಗಳು ಅದರ ಫೋಟೋ ತೆಗೆದುಕೊಂಡರು. ಅಪ್ಪ ಸಿನಿಮಾಕ್ಕೂ ನಾಟಕಕ್ಕೂ ಭೇದ ಮಾಡಲೇ ಇಲ್ಲ. ಮೀನುಗಾರ ಬಾಗಿಲು ತೆರೆದು ಬಂದಾಗ ರಾಜನ ಪ್ರವೇಶದ ಪದ. ಹಡಗಿನ ಮಾಲೀಕ ಮೀಸೆ ತಿರುವಿದಾಗ ಖಳನ ಬಿರುಸು. ಹಿಂದೆ ಕೂತವರು ಐದೇ ನಿಮಿಷಕ್ಕೆ ಯಾರು ಒಳ್ಳೆಯವರು, ಯಾರು ಕೇಡಿಗರು ಎಂದು ಹಿಡಿದುಬಿಟ್ಟರು. ನನ್ನ ಮೈಕು ಅವರಿಗೆ ಬೇಕಾಗಲೇ ಇಲ್ಲ.

ಕೊನೆಗೆ ಆ ಹೆಂಡತಿ ಮರಳಿನ ಮೇಲೆ ಕುಸಿದು ಬಿದ್ದಳು. ಅಲೆ ಬಂದು ಅವಳ ಕಾಲು ತೊಳೆಯಿತು. ಅಪ್ಪನ ಸೆಟೆದ ಬೆರಳುಗಳಿಂದ ಮುಖಾರಿ ಎಳೆಎಳೆಯಾಗಿ ಬಂತು. ತೋಟದ ಕೆಲಸದ ಲಕ್ಷ್ಮಕ್ಕ, ಹುಟ್ಟಿದಾಗಿನಿಂದ ಸಮುದ್ರ ಕಾಣದವಳು, ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕುತ್ತಿದ್ದಳು. ಪದ ನಿಂತಿತು. ಆಕೆ ಎದ್ದು ನಿಂತು ಕೂಗಿದಳು, "ಒನ್ಸ್ ಮೋರ್!"

ನಮ್ಮ ಕಡೆಯ ನಾಟಕ ನೋಡದವರಿಗೆ ಇದು ತಿಳಿಯುವುದಿಲ್ಲ. ಸಾಯುವ ಪಾತ್ರ ಚೆನ್ನಾಗಿ ಹಾಡಿ ಸತ್ತರೆ ಜನ ಒನ್ಸ್ ಮೋರ್ ಅನ್ನುತ್ತಾರೆ. ಸತ್ತವನು ಎದ್ದು, ಮತ್ತೆ ಹಾಡಿ, ಮತ್ತೆ ಸಾಯುತ್ತಾನೆ. ಆದರೆ ನಮ್ಮಪ್ಪನ ಆಟದಲ್ಲಿ ಒಂದು ಕಟ್ಟುನಿಟ್ಟಿತ್ತು. ಒನ್ಸ್ ಮೋರ್ ಅಂದವರು ಪದ ಮುಗಿಯುವವರೆಗೆ ಎದ್ದು ನಿಂತಿರಬೇಕು. ಅಲ್ಲಿ ಒಬ್ಬ ನಿಮಗಾಗಿ ಎರಡನೇ ಸಲ ಸಾಯುತ್ತಿದ್ದಾನೆ, ನೀವು ಕೂತು ಕಡಲೆಕಾಯಿ ತಿನ್ನುವುದಾ? ಒಂದು ವರ್ಷ ಪಟೇಲರ ಮಗ ಕೂತಲ್ಲಿಂದಲೇ ಕೂಗಿದಾಗ ಅಪ್ಪ ಪೆಡಲಿನಿಂದ ಕಾಲು ತೆಗೆದರು. ಅವನು ಎದ್ದು ನಿಲ್ಲುವವರೆಗೂ ಮತ್ತೆ ಇಡಲಿಲ್ಲ.

ಲಕ್ಷ್ಮಕ್ಕನ ಹಿಂದೆಯೇ ಹಿಂದಿನ ಸಾಲುಗಳೆಲ್ಲ ಎದ್ದು ನಿಂತವು. ಅಪ್ಪ ಕತ್ತು ತಿರುಗಿಸಿ ಮುನಿರಾಜುವಿಗೆ ತಲೆಯಾಡಿಸಿದರು. ಅದು ಸಿನಿಮಾ, ಅದರಲ್ಲಿರುವವಳು ಎಂದೋ ಸತ್ತು ಮಣ್ಣಾದವಳು ಎಂಬುದು ಅವರಿಬ್ಬರಿಗೂ ಹೊಳೆಯಲಿಲ್ಲ. ಮುನಿರಾಜು ಹಿಂದು ಮುಂದು ನೋಡದೆ ಪ್ರೊಜೆಕ್ಟರಿನ ಗುಂಡಿ ತಿರುಗಿಸಿದ. ರೀಲು ಹಿಂದಕ್ಕೆ ಓಡಿತು. ಅಲೆ ಅವಳ ಕಾಲು ಬಿಟ್ಟು ಸಮುದ್ರಕ್ಕೆ ಮರಳಿತು. ಸತ್ತವಳು ಮರಳಿನಿಂದ ಮೆಲ್ಲಗೆ ಎದ್ದು, ಹಿಂದಕ್ಕೆ ಹಿಂದಕ್ಕೆ ನಡೆದು, ತನ್ನ ಮನೆ ಬಾಗಿಲಿಗೆ ಹೋಗಿ ನಿಂತಳು. ಅಪ್ಪ ಅಷ್ಟು ಹೊತ್ತೂ ಒಂದೇ ಸ್ವರ ಹಿಡಿದಿದ್ದರು. ನನ್ನ ಮೈ ಜುಮ್ಮೆಂದಿತು, ಕಣ್ಣು ತುಂಬಿಬಂತು. ಅಂಥದ್ದನ್ನು ನಾನು ಮುಂದೆಂದೂ ನೋಡಲಿಲ್ಲ.

ಅಷ್ಟರಲ್ಲಿ ಮುಂದಿನವರು ನಗಲು ಶುರುಮಾಡಿದರು. ಒಬ್ಬ ಬೀನ್ ಬ್ಯಾಗಿನಿಂದ ಉರುಳಿ ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಲವರು ಫೋನಿನಲ್ಲಿ ಚಿತ್ರ ಹಿಡಿದರು. ಮೇಡಂ ಓಡಿ ಬಂದು ನನ್ನ ತೋಳು ಹಿಡಿದು, "ವಾಟ್ ಎ ಕಾಮಿಡಿ! ನಾಳೆಯೂ ಇದೇ ಸಿನಿಮಾ ಹಾಕೋಣ. ಒನ್ಸ್ ಮೋರ್ ಅಂದಾಗೆಲ್ಲಾ ರಿವರ್ಸ್ ಮಾಡ್ಲಿ. ಅಂದ ಹಾಗೆ ಯಾರು ಈ ಮುದುಕ?" ಅಂದರು.

"ಯಾರೋ ಲೋಕಲ್ ಮೇಷ್ಟ್ರು ಮೇಡಂ."

ಶಾಲಿನಿಂದ ಬೆವರು ಒರೆಸಿಕೊಳ್ಳುತ್ತಿದ್ದ ಅಪ್ಪನ ಹತ್ತಿರ ಹೋಗಿ, ಎಲ್ಲರಿಗೂ ತುಂಬಾ ಇಷ್ಟವಾಯಿತಂತೆ, ನಾಳೆಯೂ ಇದೇ ಆಟ ಎಂದು ಹೇಳಿದೆ.

"ಮುಂದಿದ್ದೋರು ನಕ್ಕಂಗಿತ್ತು?"

"ಖುಷಿಗೆ ನಕ್ಕಿದ್ದು ಮೇಷ್ಟ್ರೇ."

"ಔದಾ" ಅಂದರು ಅಪ್ಪ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ, ಅಪ್ಪಾ ಅನ್ನಬಹುದಿತ್ತು. ಅನ್ನಲಿಲ್ಲ.

ಭಾನುವಾರ ಬೆಂಗಳೂರಿನ ಅರ್ಧ ಕಾರುಗಳು ನಮ್ಮ ಗೇಟಿನಲ್ಲಿದ್ದವು. ಹಳ್ಳಿ ಮುದುಕನೊಬ್ಬ ಸತ್ತವಳನ್ನು ಎಬ್ಬಿಸುತ್ತಾನಂತೆ ಎಂದು ಸುದ್ದಿ ಹರಡಿತ್ತು. ಜಾಗ ಸಾಲದೆಂದು ತೋಟದವರನ್ನೆಲ್ಲ ಹೊರಗೆ ಕಳಿಸಿದರು. ಲಕ್ಷ್ಮಕ್ಕ ಬಾಗಿಲಿನ ಕಪ್ಪು ಬಟ್ಟೆ ಸರಿಸಿ ಇಣುಕುತ್ತಿದ್ದಳು. ಅಪ್ಪ ಅವತ್ತು ಇನ್ನೂ ಶಿಸ್ತಾಗಿ ಬಂದಿದ್ದರು. ಪೂರ್ತಿ ಆಟ, ಪ್ರಾರ್ಥನೆಯಿಂದ ಮಂಗಳದವರೆಗೆ. ಅವರಿಗೆ ಬೇಕಿದ್ದದ್ದು ಅಷ್ಟೇ, ನನಗದು ಗೊತ್ತಿತ್ತು.

ಆ ದರಿದ್ರದವರು ಬಿಡಬೇಕಲ್ಲ! ಮೀನುಗಾರ ಗಂಜಿ ಕುಡಿದರೆ ಒನ್ಸ್ ಮೋರ್. ನಾಯಿ ಅಡ್ಡ ಬಂದರೆ ಒನ್ಸ್ ಮೋರ್. ಮಾಲೀಕ ಸೀನಿದರೂ ಒನ್ಸ್ ಮೋರ್. ಪ್ರತಿ ಸಲವೂ ಮೇಡಂ ಮುನಿರಾಜುವಿಗೆ ಕೈ ಮಾಡುವರು, ಗಂಜಿ ಬಾಯಿಂದ ಬಟ್ಟಲಿಗೆ ಇಳಿಯುವುದು, ಶೆಡ್ಡೆಲ್ಲ ಕೇಕೆ. ಅಪ್ಪ ಎತ್ತಿಕೊಂಡ ಪದಗಳೆಲ್ಲ ನಡುವೆಯೇ ತುಂಡಾದವು. ನನ್ನತ್ತ ಎರಡು ಸಲ ನೋಡಿದರು. ನಾನು ಮೈಕು ಹಿಡಿದು ಪರದೆ ನೋಡುತ್ತಾ ನಿಂತೆ. ವಿಮಾನವೊಂದು ತಲೆಯ ಮೇಲೆ ಹಾದು ತಗಡೆಲ್ಲ ಗಡಗಡ ಅಂದಾಗ ಅದಕ್ಕೂ ಯಾರೋ ಒನ್ಸ್ ಮೋರ್ ಅಂದರು.

ಕೊನೆಗೆ ಆ ಹೆಂಡತಿ ದಡಕ್ಕೆ ಬಂದಳು. ಅಪ್ಪ ಮುಖಾರಿ ಹಿಡಿದರು. ಅವಳಿನ್ನೂ ಕುಸಿದೇ ಇರಲಿಲ್ಲ, ಮುಂದಿನವರು ಮಲಗಿದಲ್ಲಿಂದಲೇ ಚಪ್ಪಾಳೆ ತಟ್ಟುತ್ತಾ ಕೂಗಲು ಹತ್ತಿದರು. ಎಂ.ಡಿ.ಯದೇ ಎಲ್ಲಕ್ಕಿಂತ ದೊಡ್ಡ ಗಂಟಲು. ಅಪ್ಪ ಬಾರಿಸುವುದು ನಿಲ್ಲಿಸಿ, ಅವರ ಕಡೆ ತಿರುಗಿ, ನಾಟಕದ ಕಂಠದಲ್ಲೇ ಹೇಳಿದರು:

"ಒನ್ಸ್ ಮೋರ್ ಅಂದೋರು ಎದ್ದು ನಿಂತ್ಕಳಿ."

ಆ ಕೇಕೆಯಲ್ಲಿ ಅದು ಪಕ್ಕದಲ್ಲಿದ್ದ ನನಗಷ್ಟೇ ಸರಿಯಾಗಿ ಕೇಳಿಸಿತು. "ಏನಂತಾರೆ?" ಎಂದು ಮೇಡಂ ನನ್ನನ್ನು ಕೇಳಿದರು. ಎಲ್ಲರೂ ನನ್ನನ್ನೇ ನೋಡಿದರು. ಮೈಕು ನನ್ನ ಕೈಯಲ್ಲಿತ್ತು. ಒಂದೇ ಒಂದು ವಾಕ್ಯ, ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಸಾಕಿತ್ತು.

"ಹಿ ಈಸ್ ಸೇಯಿಂಗ್ ಥ್ಯಾಂಕ್ಯೂ ಟು ಆಲ್" ಅಂದೆ.

ಜೋರು ಚಪ್ಪಾಳೆ ಬಿತ್ತು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಥ್ಯಾಂಕ್ಯೂ ಯಾರಿಗೆ ಗೊತ್ತಿಲ್ಲ? ಅವರು ನನ್ನನ್ನು ನೋಡಿದರು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪವಿರಲಿಲ್ಲ, ಗುರುತಿಲ್ಲದವರನ್ನು ನೋಡಿದ ಹಾಗೆ ನೋಡಿದರು. ಅಷ್ಟರಲ್ಲಿ ಪರದೆಯ ಮೇಲೆ ಅವಳು ಕುಸಿದು ಬಿದ್ದಿದ್ದಳು, ಮುನಿರಾಜುವಿನ ಕೈ ಗುಂಡಿಯ ಮೇಲಿತ್ತು.

"ಬ್ಯಾಡ ಕಣಪ್ಪಾ ಮುನಿರಾಜು. ಸತ್ತೋಳು ಸತ್ಲು. ಮಲಗ್ಲಿ ಬಿಡು."

ಪೆಡಲಿನಿಂದ ಕಾಲು ತೆಗೆದು, ಹಾರ್ಮೋನಿಯಂ ಮುಚ್ಚಳ ಹಾಕಿದರು. ಮುನಿರಾಜು ಪ್ರೊಜೆಕ್ಟರಿನ ದೀಪ ಆರಿಸಿದ. ಮೇಡಂ ಗಾಬರಿಯಿಂದ ಏನಾಯಿತು ಅಂದರು. ವೋಲ್ಟೇಜ್ ಪ್ರಾಬ್ಲಮ್ ಅಂದೆ. ಸುಳ್ಳು ಬಾಯಿಗೆ ಅಷ್ಟು ಸಲೀಸಾಗಿ ಬಂತು. ಅತಿಥಿಗಳು ಹೊರಗೆ ಬಜ್ಜಿ ತಿನ್ನಲು ಹೋದರು. ಅವರಲ್ಲಿ ಮೂವರು ವಿಲ್ಲಾ ಬುಕ್ ಮಾಡಿದರಂತೆ. ಎಂ.ಡಿ. ನನ್ನನ್ನು ಹೊಗಳಿದರು, ಅದೇ ಆಫೀಸಿನಲ್ಲಿ ಇನ್ನೂ ಆರು ವರ್ಷ ನೀರು ಕೊಟ್ಟು ಹಲ್ಲು ಕಿರಿದೆ. ಅಪ್ಪ ಆ ಮುಚ್ಚಳ ಸಾಯುವವರೆಗೂ ಮತ್ತೆ ತೆರೆಯಲಿಲ್ಲ. ಎಣ್ಣೆ ಹಾಕುವುದನ್ನೂ ಬಿಟ್ಟರು.

ಆ ಸಂಜೆ ಶೆಡ್ಡು ಖಾಲಿಯಾದ ಮೇಲೆ ನಾನು ಒಳಗೆ ಹೋದೆ. ಅಪ್ಪ ಒಬ್ಬರೇ ಇದ್ದರು. ಬೆರಳು ಮಡಚಲಾಗದೆ ಹಲ್ಲಲ್ಲಿ ಕಚ್ಚಿ ಎಳೆದು, ಹಾರ್ಮೋನಿಯಂಗೆ ಅಮ್ಮನ ಸೀರೆಯ ಗಂಟು ಬಿಗಿಯುತ್ತಿದ್ದರು. ಸುತ್ತ ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡೆ, ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆಮೇಲೆ ಆ ಚೆಲ್ಲಾಪಿಲ್ಲಿ ಮೂಟೆಗಳ ನಡುವೆ ನೆಟ್ಟಗೆ ನಿಂತೆ.

"ಅಪ್ಪಾ, ಒನ್ಸ್ ಮೋರ್" ಅಂದೆ.

ಅಪ್ಪ ಗಂಟು ಹಾಕಿ ಮುಗಿಸಿದರು. ಶಾಲು ಮಡಚಿ ಹೆಗಲ ಮೇಲೆ ಹಾಕಿಕೊಂಡರು. ಹೊರಗೆ ಲಗೇಜ್ ಆಟೋ ಬಂದು ನಿಂತ ಸದ್ದಾಯಿತು.

"ಕೂತ್ಕಳಿ ಮೇಡಂ" ಅಂದರು. "ಕಾಲು ನೋವ್ತದೆ."